ಕೋಡ್ ಸರಿ ಇದೆ, ಮಂಡಿಯ ಕಂಪ್ಯೂಟರ್‌ನಲ್ಲಿ ಓಡುತ್ತಿಲ್ಲ

ಕೋಲಾರದ ಎಪಿಎಂಸಿ ಸುತ್ತಮುತ್ತ ಸಣ್ಣ ಪೈಥಾನ್ ಸ್ಕ್ರಿಪ್ಟ್‌ಗಳಿಗೆ, ಅಂದರೆ ಪೈಥಾನ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂಗಳಿಗೆ, ಕೆಲಸ ಜಾಸ್ತಿ. ಟೊಮೆಟೊ ಹರಾಜು ಮುಗಿದ ಮೇಲೆ ಯಾವ ರೈತರ ಎಷ್ಟು ಬಾಕ್ಸ್ ಯಾವ ರೇಟಿಗೆ ಹೋಯಿತು ಅಂತ ಎಕ್ಸೆಲ್‌ನಲ್ಲಿ ಬರೆದಿರುತ್ತಾರೆ. ಅದನ್ನು ಊರುವಾರು ಬೇರ್ಪಡಿಸಿ, ಕಮಿಷನ್, ಬಾಡಿಗೆ ಕಳೆದು ಪಟ್ಟಿ ತೆಗೆದುಕೊಡಲು ನೂರು ಸಾಲಿನ ಸ್ಕ್ರಿಪ್ಟ್ ಸಾಕು. ಬರೆಯುವ ಹುಡುಗರೂ ಇಲ್ಲಿಯವರೇ, ಕಾಲೇಜಿನಲ್ಲಿ ಪೈಥಾನ್ ಕಲಿತವರು. ಅವರು ಫೋನ್ ಮಾಡಿ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಸಾರ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ, ಮಂಡಿಯಲ್ಲಿ ಓಡಲ್ಲ."

ಆಗ ನಾನು ಕೋಡ್ ಕಳಿಸಿ ಅನ್ನುವುದಿಲ್ಲ. ಅಲ್ಲಿರುವ ಕಂಪ್ಯೂಟರ್ ಬಗ್ಗೆ ಕೇಳುತ್ತೇನೆ. ಯಾವ ವಿಂಡೋಸ್? ಯಾವ ಪೈಥಾನ್? ಎಕ್ಸೆಲ್‌ನಲ್ಲಿ ಕನ್ನಡ ಹೇಗೆ ಟೈಪ್ ಮಾಡುತ್ತಾರೆ? ಮುಕ್ಕಾಲು ತೊಂದರೆ ಅಲ್ಲೇ ಸಿಗುತ್ತದೆ.

ಮೊದಲು ಪೈಥಾನ್ ವಿಷಯ. ಬೇರೆಯವರು ಬರೆದಿಟ್ಟ ಕೋಡ್ (ಪ್ಯಾಕೇಜ್) ಹಾಕಿಕೊಡುವುದು ಪಿಪ್, ಎಕ್ಸೆಲ್ ಥರದ ಪಟ್ಟಿಗಳಿಗೆ ಬಳಸುವ ಪ್ಯಾಕೇಜ್ ಪಾಂಡಾಸ್. "ಪಿಪ್ ಇನ್‌ಸ್ಟಾಲ್ ಪಾಂಡಾಸ್ ಕೊಟ್ಟೆ, ಆಯಿತು ಅಂತ ಬಂತು, ಆದರೂ ಮಾಡ್ಯೂಲ್ ನಾಟ್ ಫೌಂಡ್ ಎರರ್" ಅನ್ನುತ್ತಾರೆ. ಆ ಕಂಪ್ಯೂಟರ್‌ನಲ್ಲಿ ಎರಡು ಪೈಥಾನ್ ಇರುತ್ತವೆ. ಪಿಪ್ ಒಂದಕ್ಕೆ ಸೇರಿರುತ್ತದೆ, ಸ್ಕ್ರಿಪ್ಟ್ ಇನ್ನೊಂದರಲ್ಲಿ ಓಡುತ್ತಿರುತ್ತದೆ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿ ನೋಡಿ. ಓಡುತ್ತಿರುವುದು ಯಾವ ಪೈಥಾನ್ ಅಂತ ಅದರ ಪೂರ್ತಿ ವಿಳಾಸ ಬರುತ್ತದೆ. ಆಮೇಲೆ ಬರೀ 'ಪಿಪ್ ಇನ್‌ಸ್ಟಾಲ್' ಬಿಟ್ಟು 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್' ಅಂತಲೇ ಕೊಡಿ. ಓಡುವ ಪೈಥಾನ್‌ಗೇ ಪ್ಯಾಕೇಜ್ ಸೇರುತ್ತದೆ. ಪ್ರತಿ ಕೆಲಸಕ್ಕೂ ಒಂದು ವೆನ್ವ್ (ಆ ಕೆಲಸದ ಪ್ಯಾಕೇಜ್‌ಗಳನ್ನು ಬೇರೆಯಾಗಿಡುವ ಫೋಲ್ಡರ್) ಮಾಡಿಕೊಂಡರೆ ಇನ್ನೂ ಒಳ್ಳೆಯದು. 2012ರ ಪೈಥಾನ್ 3.3ರಿಂದಲೇ ಅದು ಜೊತೆಗೇ ಬರುತ್ತಿದೆ, ವಿಂಡೋಸ್‌ನಲ್ಲಿ ಬೇರೆ ಏನೂ ಹಾಕಬೇಕಿಲ್ಲ.

ವಿಂಡೋಸ್ ಬದಲು ಉಬುಂಟು ಇಟ್ಟುಕೊಂಡವರಿಗೆ ಹೊಸ ಆವೃತ್ತಿಗಳಲ್ಲಿ ಪಿಪ್ ನೇರವಾಗಿ ಪ್ಯಾಕೇಜ್ ಹಾಕಲು ಒಪ್ಪುವುದಿಲ್ಲ, 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' (ಈ ಪೈಥಾನನ್ನು ಉಬುಂಟುವೇ ನೋಡಿಕೊಳ್ಳುತ್ತದೆ) ಅಂತ ಹೇಳುತ್ತದೆ. ಅದನ್ನು ಒತ್ತಾಯದಿಂದ ದಾಟುವ ಆಯ್ಕೆಯೂ ಅದೇ ಸಂದೇಶದಲ್ಲಿ ಇದೆ. ದಯವಿಟ್ಟು ಬಳಸಬೇಡಿ. ಉಬುಂಟುವಿನ ಎಷ್ಟೋ ಒಳಗಿನ ಕೆಲಸಗಳು ಅದೇ ಪೈಥಾನ್ ಮೇಲೆ ನಿಂತಿವೆ. ಇಲ್ಲೂ ವೆನ್ವ್ ಸಾಕು.

ಇನ್ನೊಂದು ಸಣ್ಣ ವಿಷಯ. ನಿಮ್ಮ ಫೈಲ್‌ಗೆ ಸಿಎಸ್‌ವಿ ಅಂತಲೋ ಪಾಂಡಾಸ್ ಅಂತಲೋ ಹೆಸರಿಡಬೇಡಿ, ಅವು ಪೈಥಾನ್‌ನಲ್ಲಿ ಬಳಸುವ ಮಾಡ್ಯೂಲ್‌ಗಳ ಹೆಸರು. ಮಾಡ್ಯೂಲ್ ಇಂಪೋರ್ಟ್ ಮಾಡಿದಾಗ (ಸ್ಕ್ರಿಪ್ಟ್‌ಗೆ ತಂದುಕೊಂಡಾಗ) ಪೈಥಾನ್ ಮೊದಲು ಸ್ಕ್ರಿಪ್ಟ್ ಇರುವ ಫೋಲ್ಡರನ್ನೇ ನೋಡುತ್ತದೆ, ಅಲ್ಲಿ ನಿಮ್ಮ ಫೈಲ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳುತ್ತದೆ.

ಈಗ ಕನ್ನಡದ ವಿಷಯ. ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದಿಲ್ಲ, ನಮ್ಮ ಕಡೆ ದಿನಾ ಬೇಕಾಗುತ್ತದೆ.

ವಿಂಡೋಸ್‌ನಲ್ಲಿ ಫೈಲ್ ತೆರೆಯಲು ಓಪನ್ ಅಂತ ಬರೆದು ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಕ್ರಮ) ಹೇಳದೆ ಬಿಟ್ಟರೆ ಪೈಥಾನ್ ಆ ಕಂಪ್ಯೂಟರ್‌ನ ಹಳೆ ಕೋಡ್ ಪೇಜ್ (ಅಕ್ಷರಪಟ್ಟಿ) ಹಿಡಿಯುತ್ತದೆ. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಬರೆಯಲು ಹೋದರೆ 'ಚಾರ್‌ಮ್ಯಾಪ್' ಎರರ್, ಓದಲು ಹೋದರೆ ಎರರ್ ಇಲ್ಲವೇ ಅರ್ಥವಾಗದ ಲ್ಯಾಟಿನ್ ಅಕ್ಷರಗಳು. ಪೈಥಾನ್ 3.15ರಿಂದ ಕನ್ನಡಕ್ಕೂ ಜಾಗ ಇರುವ ಯುಟಿಎಫ್-8 ಎನ್‌ಕೋಡಿಂಗ್ ತಾನಾಗಿಯೇ ಬರುತ್ತದೆ. ಮಂಡಿಯಲ್ಲಿ ಇರುವುದು ಹಳೆಯದು, ಹಾಗಾಗಿ ಪ್ರತಿ ಓಪನ್‌ನಲ್ಲೂ ಯುಟಿಎಫ್-8 ಅಂತ ಬರೆಯಿರಿ. ನೀವು ಕೊಡುವ ಸಿಎಸ್‌ವಿಯನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ ಫೈಲ್) ಅವರು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯುತ್ತಾರೆ, ಅಲ್ವಾ? ಆಗ 'ಯುಟಿಎಫ್-8-ಸಿಗ್' ಬೇಕು. ಫೈಲ್‌ನ ಮೊದಲಲ್ಲಿ ಮೂರು ಬೈಟ್‌ಗಳ ಗುರುತು ಸೇರುತ್ತದೆ, ಅದನ್ನು ನೋಡಿ ಎಕ್ಸೆಲ್ ಕನ್ನಡ ಸರಿಯಾಗಿ ತೋರಿಸುತ್ತದೆ.

ಹಳೆ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಬಂದರೆ ಮಾತ್ರ ಯಾವ ಎನ್‌ಕೋಡಿಂಗ್ ಕೊಟ್ಟರೂ ಸರಿಹೋಗದು. ಅಲ್ಲಿ ಒಳಗಿರುವುದೇ ಲ್ಯಾಟಿನ್ ಅಕ್ಷರ, ಚಿಹ್ನೆಗಳು, ಕನ್ನಡ ಕಾಣುವುದು ಫಾಂಟ್‌ನಿಂದ. ಮೊದಲು ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಇರುವ ಯುನಿಕೋಡ್‌ಗೆ ಪರಿವರ್ತನೆ ಮಾಡಿ, ಆಮೇಲೆ ಪೈಥಾನ್‌ಗೆ ಕೊಡಿ.

ಪರಿವರ್ತನೆ ಆದ ಮೇಲೂ ಒಂದು ಅಪಾಯ ಉಳಿಯುತ್ತದೆ. 'ಕೋಲಾರ' ಅನ್ನುವ ಹೆಸರನ್ನೇ ನೋಡಿ. ಪೈಥಾನ್‌ನಲ್ಲಿ ಉದ್ದ ಎಣಿಸುವ ಲೆನ್ ಕೊಟ್ಟರೆ 5 ಬರಬೇಕು: ಕ, ಓತ್ವ, ಲ, ದೀರ್ಘ, ರ. ಆದರೆ ಯುನಿಕೋಡ್‌ನಲ್ಲಿ ಆ ಓತ್ವವನ್ನು ಮೂರು ತುಂಡಾಗಿಯೂ ಇಡಬಹುದು. ಆಗ ಲೆನ್ 7 ಅನ್ನುತ್ತದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಪೈಥಾನ್‌ಗೆ ಮಾತ್ರ ಅವು ಎರಡು ಬೇರೆ ಊರು. ರೈತರ ಹೆಸರಿನಲ್ಲೂ ಹೀಗೇ ಆದರೆ ಅವರ ಬಾಕ್ಸ್‌ಗಳು ಎರಡು ಲೆಕ್ಕಕ್ಕೆ ಒಡೆದು ಹೋಗುತ್ತವೆ, ಕೈಗೆ ಬರುವ ಪಟ್ಟಿಯಲ್ಲಿ ಅರ್ಧ ಮಾಲು ಇರುವುದಿಲ್ಲ. ಎರರ್ ಏನೂ ಬರದ ಕಾರಣ ಯಾರಿಗೂ ಗೊತ್ತಾಗುವುದೂ ಇಲ್ಲ. ನನ್ನ ಮಟ್ಟಿಗೆ ಪರದೆಯ ಮೇಲೆ ಕಾಣುವ ಎಲ್ಲ ಎರರ್‌ಗಳಿಗಿಂತ ಇದೇ ದೊಡ್ಡ ತಪ್ಪು, ಯಾಕೆಂದರೆ ಇದರಲ್ಲಿ ದುಡ್ಡು ಹೋಗುವುದು ರೈತರದು.

ಪರಿಹಾರ ಸುಲಭ. ಯುನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಚಿಹ್ನೆಗೆ ಕೂಡಿಸುವ ರೂಪ) ಅಂತ ಕೊಟ್ಟು, ಹೋಲಿಸುವ ಮೊದಲು ಪ್ರತಿ ಹೆಸರನ್ನೂ ಅದರ ಮೂಲಕ ಹಾಯಿಸಿ. ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯಿರಿ. ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕಗಳನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಹೋಲಿಕೆಗೆ ಬಳಸುವ ಪ್ರತಿಯಲ್ಲಿ ಅವನ್ನು ನೀವೇ ತೆಗೆಯಬೇಕು. ಮುಳಬಾಗಿಲು, ಮುಳಬಾಗಲು ಅಂತ ಎರಡು ಥರ ಬರೆದಿದ್ದರೆ ಅದಕ್ಕೆ ಯುನಿಕೋಡ್ ಏನೂ ಮಾಡದು. ಊರುಗಳ ಒಂದು ಪಟ್ಟಿ ಮಾಡಿ, ಮಂಡಿಯವರ ಜೊತೆ ಕೂತು ಒಂದೊಂದೇ ಕೇಳಿ ತುಂಬಿಸಿ.

ಅಂಕಿಗಳ ಬಗ್ಗೆ ಅಷ್ಟು ಚಿಂತೆ ಬೇಡ. ೧೫ ಅಂತ ಕನ್ನಡದಲ್ಲಿ ಬರೆದಿದ್ದರೂ ಬರಹವನ್ನು ಸಂಖ್ಯೆ ಮಾಡುವ ಇಂಟ್ ಅದನ್ನು 15 ಅಂತ ಸರಿಯಾಗಿ ಓದುತ್ತದೆ. 1,250ರ ನಡುವಿನ ಅಲ್ಪವಿರಾಮಕ್ಕೆ ಮಾತ್ರ ತಕರಾರು ಮಾಡುತ್ತದೆ, ಅದನ್ನು ಮೊದಲೇ ತೆಗೆದುಬಿಡಿ.

ಕೊನೆಗೆ ಮಂಡಿಗೆ ಕೊಡುವ ಹಂತ. ಗುಮಾಸ್ತರಿಗೆ ಪೈಥಾನ್ ಹಾಕಿಕೊಳ್ಳಿ ಅನ್ನುವುದು ನ್ಯಾಯವಲ್ಲ. ಪೈಇನ್‌ಸ್ಟಾಲರ್‌ನಿಂದ ಇಎಕ್ಸ್‌ಇ (ಪೈಥಾನ್ ಹಾಕದೆಯೂ ಓಡುವ ಪ್ರೋಗ್ರಾಂ ಫೈಲ್) ಮಾಡಿ ಕೊಡಿ. ವಿಂಡೋಸ್‌ಗೆ ಬೇಕಾದ್ದನ್ನು ವಿಂಡೋಸ್‌ನಲ್ಲೇ ಮಾಡಬೇಕು, ಉಬುಂಟುವಿನಲ್ಲಿ ಕೂತು ಆಗದು. ಮಂಡಿಯಲ್ಲಿ ವಿಂಡೋಸ್ 7 ಇದ್ದರೆ ಪೈಥಾನ್ 3.8ರಲ್ಲೇ ಕಟ್ಟಬೇಕು, 3.9ರಿಂದ ಮುಂದಿನದು ಅದರಲ್ಲಿ ಓಡುವುದಿಲ್ಲ. 32 ಬಿಟ್ ಕಂಪ್ಯೂಟರ್‌ಗೆ 32 ಬಿಟ್ ಪೈಥಾನ್‌ನಿಂದ ಮಾಡಿದ್ದೇ ಬೇಕು. 2020ರ ಜನವರಿಯಲ್ಲೇ ವಿಂಡೋಸ್ 7ಕ್ಕೆ ಬೆಂಬಲ ನಿಂತಿದೆ. ಹಣದ ಲೆಕ್ಕ ಇರುವ ಕಂಪ್ಯೂಟರ್ ಬದಲಾಯಿಸಿ ಅಂತ ಮಾಲೀಕರಿಗೆ ಬಿಡಿಸಿ ಹೇಳಿ.

ಒಂದೇ ಫೈಲ್‌ನ ಇಎಕ್ಸ್‌ಇ ನೋಡಲು ಚೆಂದ, ಆದರೆ ನಾನು ಫೋಲ್ಡರ್ ರೂಪವನ್ನೇ ಕೊಡುತ್ತೇನೆ. ಒಂದೇ ಫೈಲ್ ಆದರೆ ಪ್ರತಿ ಸಲ ತಾತ್ಕಾಲಿಕ ಫೋಲ್ಡರ್‌ಗೆ ಬಿಚ್ಚಿಕೊಂಡು ಓಡುತ್ತದೆ, ಶುರುವಾಗುವುದು ನಿಧಾನ, ಆ್ಯಂಟಿವೈರಸ್ ಕೂಡ ಸುಮ್ನೆ ಹಿಡಿದುಬಿಡುತ್ತದೆ. ಇನ್ನೊಂದು ತೊಡಕೂ ಇದೆ. ಸ್ಕ್ರಿಪ್ಟ್ ಇರುವ ಜಾಗದಲ್ಲೇ ಪಟ್ಟಿ ಉಳಿಸು ಅಂತ ಬರೆದಿದ್ದರೆ ಅದು ಆ ತಾತ್ಕಾಲಿಕ ಫೋಲ್ಡರ್‌ಗೆ ಹೋಗಿ, ಪ್ರೋಗ್ರಾಂ ಮುಚ್ಚಿದಾಗ ಅದರ ಜೊತೆಗೇ ಅಳಿಸಿ ಹೋಗುತ್ತದೆ. ಕಟ್ಟಿದ ಇಎಕ್ಸ್‌ಇಯಲ್ಲಿ ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಅಂದರೆ ಇಎಕ್ಸ್‌ಇಯ ವಿಳಾಸವೇ. ಅದರಿಂದ ಫೋಲ್ಡರ್ ತೆಗೆದುಕೊಂಡು ಅಲ್ಲಿ ಉಳಿಸಿ.

ಪಾಂಡಾಸ್‌ನಿಂದ ಎಕ್ಸೆಲ್ ಓದುವವರು ಓಪನ್‌ಪೈಎಕ್ಸ್‌ಎಲ್ ಪ್ಯಾಕೇಜ್ ಬೇರೆಯಾಗಿ ಹಾಕಬೇಕು. ಹಳೆ ಎಕ್ಸ್‌ಎಲ್‌ಎಸ್ ಫೈಲ್‌ಗಳಿಗೆ ಎಕ್ಸ್‌ಎಲ್‌ಆರ್‌ಡಿ ಬೇಕು. ಪೈಇನ್‌ಸ್ಟಾಲರ್ ಇವನ್ನು ತಾನಾಗಿ ಗಮನಿಸದೆ ಬಿಟ್ಟರೆ 'ಹಿಡನ್ ಇಂಪೋರ್ಟ್' ಆಯ್ಕೆಯಲ್ಲಿ ಹೆಸರು ಹೇಳಿ. ಡಬಲ್ ಕ್ಲಿಕ್ ಮಾಡಿದಾಗ ಕಪ್ಪು ಪರದೆ ಬಂದು ತಕ್ಷಣ ಮಾಯವಾದರೆ ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲಿಂದ ಓಡಿಸಿ, ಎರರ್ ಪೂರ್ತಿ ನಿಂತು ಕಾಣುತ್ತದೆ. ಗುಮಾಸ್ತರಿಗೆ ಅದು ಕಷ್ಟ. ಅವರಿಗಾಗಿ ಲಾಗಿಂಗ್ (ನಡೆದದ್ದನ್ನು ಬರೆದಿಡುವುದು) ಹಾಕಿ, ಇಎಕ್ಸ್‌ಇ ಪಕ್ಕದಲ್ಲೇ ಒಂದು ಲಾಗ್ ಫೈಲ್ ಬರೆಸಿ. ತೊಂದರೆ ಬಂದ ದಿನ ಆ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿ ಅಂತ ಮೊದಲೇ ತೋರಿಸಿಕೊಟ್ಟು ಬನ್ನಿ.