ನಿಂಬೆರಸ, ಮೊಟ್ಟೆಯ ಬಿಳಿ ಮತ್ತು ಚರ್ಮದ ಗೋಡೆ

ಕಾಲೇಜಿನ ದಿನಗಳಲ್ಲಿ ಮೊಡವೆಯ ಕಲೆ ಹೋಗಲಿ ಅಂತ ನಿಂಬೆಹಣ್ಣು ಕತ್ತರಿಸಿ ಕೆನ್ನೆಗೆ ಉಜ್ಜಿಕೊಂಡಿದ್ದೆ. ಚುರುಗುಟ್ಟಿತು. ಉರಿಯುತ್ತಿದೆ ಅಂದ್ರೆ ಕೆಲಸ ಮಾಡುತ್ತಿದೆ ಎಂದುಕೊಂಡು ಹಾಗೇ ಬಿಸಿಲಿಗೆ ಹೊರಟೆ. ಎರಡು ದಿನಕ್ಕೆ ಕೆನ್ನೆ ಕೆಂಪಾಯಿತು. ಆಮೇಲೆ ರಸ ಇಳಿದಿದ್ದ ದಾರಿಯಲ್ಲೇ ಕಂದು ಗೆರೆ ಮೂಡಿತು. ಅದು ಮಾಸಲು ತಿಂಗಳುಗಳೇ ಹಿಡಿದವು.

ಇದಕ್ಕೆ ಫೈಟೊಫೋಟೊಡರ್ಮಟೈಟಿಸ್ ಎಂಬ ದೊಡ್ಡ ಹೆಸರಿದೆ. ನಿಂಬೆ ಜಾತಿಯ ಹಣ್ಣುಗಳಲ್ಲಿ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳಿರುತ್ತವೆ, ಸಿಪ್ಪೆಯಲ್ಲಂತೂ ಜಾಸ್ತಿ. ಕತ್ತಲಲ್ಲಿ ಸುಮ್ಮನಿರುವ ಇವು ಬಿಸಿಲಿನ ನೇರಳಾತೀತ ಕಿರಣ ತಾಗಿದ ಕೂಡಲೇ ಚರ್ಮದ ಜೀವಕೋಶಗಳನ್ನು ಕೆಡಿಸುತ್ತವೆ. ಸುಟ್ಟ ಜಾಗದಲ್ಲಿ ಚರ್ಮ ಹೆಚ್ಚು ಬಣ್ಣ ತುಂಬಿಕೊಳ್ಳುತ್ತದೆ. ಕಲೆ ತೆಗೆಯಲು ಹೋಗಿ ಹೊಸ ಕಲೆ ಹಾಕಿಸಿಕೊಂಡ ಹಾಗೆ.

‘ಆದರೆ ನಿಂಬೆಯಲ್ಲಿ ವಿಟಮಿನ್ ಸಿ ಇದೆ ಅಲ್ವಾ?’ ಅಂತ ಕೇಳಬಹುದು. ಇದೆ. ಚರ್ಮಕ್ಕೆ ಹಚ್ಚುವ ವಿಟಮಿನ್ ಸಿ ಸೀರಮ್‌ಗಳಲ್ಲಿ ಅದು ಸಾಮಾನ್ಯವಾಗಿ ಶೇಕಡಾ 10ರಿಂದ 20ರಷ್ಟಿರುತ್ತದೆ. ನಿಂಬೆರಸದಲ್ಲಿ ಸುಮಾರು ಶೇಕಡಾ 0.05ರಷ್ಟು ಮಾತ್ರ. ಆಮ್ಲ ಮಾತ್ರ ಧಾರಾಳ. ಹುಳಿ-ಕ್ಷಾರದ ಅಳತೆಯಾದ ಪಿಎಚ್ ರಸದಲ್ಲಿ ಸುಮಾರು 2, ಚರ್ಮದ್ದು 5ರ ಆಸುಪಾಸು. ಪಿಎಚ್‌ನಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲ 10 ಪಟ್ಟು ಏರುತ್ತದೆ. ಮೂರು ಮೆಟ್ಟಿಲಿಗೆ 1000 ಪಟ್ಟು! ಮುಖಕ್ಕೆ ಹಚ್ಚುವ ಅಡುಗೆ ಸೋಡಾದ್ದು ಇನ್ನೊಂದು ದಿಕ್ಕಿನ, ಅಂದರೆ ಕ್ಷಾರದ ತೊಂದರೆ. ಅದರ ನೀರಿನ ಪಿಎಚ್ 8 ದಾಟುತ್ತದೆ.

ಚರ್ಮಕ್ಕೆ ಇದೆಲ್ಲ ಯಾಕೆ ಮುಖ್ಯ? ಅದರ ಹೊರಪದರ ಒಂದು ಗೋಡೆ. ಸತ್ತ ಜೀವಕೋಶಗಳೇ ಇಟ್ಟಿಗೆ, ಅವುಗಳ ನಡುವಿನ ಕೊಬ್ಬೇ ಗಾರೆ. ದೇಹದ ಹೆಚ್ಚಿನ ಕಡೆ ಈ ಗೋಡೆ ಕೂದಲೆಳೆಗಿಂತ ತೆಳು. ಆದರೂ ಒಳಗಿನ ನೀರನ್ನು ಹಿಡಿದಿಡುವುದು, ಹೊರಗಿನ ರೋಗಾಣುಗಳನ್ನು ತಡೆಯುವುದು ಅದೇ. ಗಾರೆ ಗಟ್ಟಿಯಾಗಿರಲು ಚರ್ಮ ಸ್ವಲ್ಪ ಹುಳಿಯಾಗಿರಬೇಕು. ಅತಿ ಹುಳಿ, ಅತಿ ಕ್ಷಾರ ಎರಡೂ ಅದನ್ನು ಸಡಿಲ ಮಾಡುತ್ತವೆ. ಯಾವುದೇ ಮನೆಮದ್ದು ಕಂಡರೂ ನಾನೀಗ ಮೊದಲು ಕೇಳುವುದು ಇದನ್ನೇ: ಇದು ಗೋಡೆಯನ್ನು ಕಾಯುತ್ತದೋ, ಕೆರೆಯುತ್ತದೋ? ‘ನೈಸರ್ಗಿಕ’ ಎಂಬ ಮಾತು ಈ ಪ್ರಶ್ನೆಗೆ ಉತ್ತರವೇ ಅಲ್ಲ.

ಮೊಟ್ಟೆಯ ಬಿಳಿ ಹಚ್ಚಿದರೆ ಮುಖ ಬಿಗಿಯಾಗುವುದು ನಿಜ. ಒಂದು ಹನಿಯನ್ನು ಕೈಯ ಹಿಂಬದಿಗೆ ಸವರಿ, ಒಣಗುವುದನ್ನೇ ನೋಡುತ್ತಾ ಕೂತೆ. ನೀರು ಆರಿದಂತೆ ಹೊಳೆಯುವ ಒಂದು ಪೊರೆ ಉಳಿಯಿತು, ಅಂಚಿನಲ್ಲಿ ಚರ್ಮವನ್ನು ಎಳೆಯಿತು. ಬೆರಳು ಮಡಚಿದಾಗ ಗಾಜಿನಂತೆ ಬಿರುಕು ಬಿಟ್ಟಿತು. ತೊಳೆದ ಮೇಲೆ ಕೈ ಮೊದಲಿನಂತೆಯೇ ಇತ್ತು. ಬಿಗಿಯಾಗಿದ್ದು ಚರ್ಮವಲ್ಲ, ಪ್ರೋಟೀನಿನ ಪೊರೆ. ಚರ್ಮವನ್ನು ಗಟ್ಟಿಯಾಗಿಡುವ ಪ್ರೋಟೀನು ಕಾಲಜನ್ ಅನ್ನು ಮೇಲಿಂದ ಹಚ್ಚುವುದೂ ಹೀಗೇ. ಅಣುಗಳ ತೂಕವನ್ನು ಡಾಲ್ಟನ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ ದೊಡ್ಡ ಅಣುಗಳು ಗೋಡೆ ದಾಟುವುದು ಕಷ್ಟ. ಕಾಲಜನ್ ಅಣು ಸುಮಾರು 3 ಲಕ್ಷ ಡಾಲ್ಟನ್!

ಹಾಗಂತ ಎಲ್ಲ ಮನೆಮದ್ದೂ ಸುಳ್ಳಲ್ಲ, ಇದನ್ನು ಒತ್ತಿ ಹೇಳಬೇಕು. ನುಣ್ಣಗೆ ಪುಡಿ ಮಾಡಿದ ಓಟ್ಸ್ ನೀರಿಗೆ ಬಿದ್ದರೆ ಹಾಲಿನಂತಾಗುತ್ತದೆ. ಆ ನೀರು ತುರಿಕೆಯನ್ನು ನಿಜಕ್ಕೂ ತಗ್ಗಿಸುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2003ರಲ್ಲಿ ಇಂಥ ಓಟ್ಸ್ ಪುಡಿಯನ್ನು ಚರ್ಮರಕ್ಷಕ ಎಂದು ಒಪ್ಪಿಕೊಂಡಿತು. 1872ರಲ್ಲಿ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿ ಹಳೆಯದಾದರೂ, ಒಡೆದ ತುಟಿ, ಹಿಮ್ಮಡಿಗಳಿಂದ ನೀರು ಆರದಂತೆ ತಡೆಯುವುದರಲ್ಲಿ ಇಂದಿಗೂ ಅದನ್ನು ಮೀರಿಸುವುದು ಕಷ್ಟ. ಕೊಬ್ಬರಿ ಎಣ್ಣೆ ಒಣಗಿದ ಕೈಕಾಲಿಗೆ ಒಳ್ಳೆಯದು. ಮೊಡವೆ ಏಳುವ ಮುಖದಲ್ಲಿ ಅದೇ ಎಣ್ಣೆ ರಂಧ್ರ ಮುಚ್ಚಬಹುದು. ಮೊಡವೆಗೆ ಟೂತ್‌ಪೇಸ್ಟ್ ಬೇಡವೇ ಬೇಡ, ಅದು ಹಲ್ಲಿಗೆ ಮಾಡಿದ್ದು.

ಮನೆಯಲ್ಲಿ ತಯಾರಿಸುವ ಸನ್‌ಸ್ಕ್ರೀನ್ ಬಗ್ಗೆ ಮಾತ್ರ ನನಗೆ ನಿಜಕ್ಕೂ ಭಯ. ಎಣ್ಣೆಗೆ ಬಿಸಿಲು ತಡೆಯುವ ಜಿಂಕ್ ಆಕ್ಸೈಡ್ ಪುಡಿ ಕಲಸಿದರೆ ಕಣಗಳು ಗಂಟು ಕಟ್ಟುತ್ತವೆ. ನಡುವಿನ ಸಂದಿಯಿಂದ ಬಿಸಿಲು ನುಗ್ಗುತ್ತದೆ. ಕನ್ನಡಿಯಲ್ಲಿ ಏನೂ ಕಾಣಿಸುವುದಿಲ್ಲ, ರಕ್ಷಣೆ ಇದೆ ಅಂತ ನಂಬಿ ನಾವು ಗಂಟೆಗಟ್ಟಲೆ ಹೊರಗಿರುತ್ತೇವೆ.

ಉಳಿದ ಮನೆಮದ್ದುಗಳನ್ನು ಪರೀಕ್ಷಿಸಲು ಮೊಣಕೈಯ ಒಳಬದಿಯ ಪುಟ್ಟ ಜಾಗ ಸಾಕು. ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಅಲ್ಲಿ ಕೆಂಪಾದರೆ, ಕೆರೆತ ಬಂದರೆ, ತೊಳೆದು ಅಲ್ಲಿಗೇ ಬಿಟ್ಟುಬಿಡಿ.