ಬೆಂಕಿ ಬಿದ್ದಿದೆ, ಬೀದಿ ನೆನಪಾಗುತ್ತಿಲ್ಲ: ರಾಬ್ ವಿಲ್ಟನ್ ಅವರ ‘ದಿ ಫೈರ್ ಸ್ಟೇಷನ್’

ರೇಡಿಯೊಗೆ ಹಾಸ್ಯ ಬರೆಯಲು ಕಲಿಯುತ್ತಿದ್ದೀರಾ? ಹಾಗಾದರೆ ಈ ಪುಟ್ಟ ಪ್ರಹಸನವನ್ನು ಬಿಡಲೇಬೇಡಿ. ರಾಬ್ ವಿಲ್ಟನ್ (1881–1957) ಲಿವರ್‌ಪೂಲ್‌ನವರು. ಹಾಡು, ಕುಣಿತ, ನಗೆಯಾಟ ಎಲ್ಲ ಒಂದೇ ಸಂಜೆಗೆ ಸಿಗುತ್ತಿದ್ದ ಇಂಗ್ಲೆಂಡಿನ ಮ್ಯೂಸಿಕ್ ಹಾಲ್‌ಗಳಲ್ಲಿ ಪಳಗಿ, ಆಮೇಲೆ ರೇಡಿಯೊದಲ್ಲೂ ಮನೆಮಾತಾದರು. ಕುರ್ಚಿ ಮೇಲೆ ಕೂತು ತಡಬಡಾಯಿಸುವ ಅಧಿಕಾರಿಗಳೇ ಅವರ ಪಾತ್ರಗಳು.

ಕಥೆ ಇಷ್ಟೇ. ಮನೆಗೆ ಬೆಂಕಿ ಬಿದ್ದಿದೆ ಅಂತ ಒಬ್ಬ ಹೆಂಗಸು ಅಗ್ನಿಶಾಮಕ ಠಾಣೆಗೆ ತಿಳಿಸುತ್ತಾರೆ. ಗ್ರಿಮ್‌ಶಾ ಬೀದಿ. ಅಧಿಕಾರಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ. ಹೇಳಬೇಡಿ, ನನಗೆ ಗೊತ್ತು, ನೆಟ್ಟಗೆ ನಡೆದುಕೊಂಡೇ ಹೋಗಬಲ್ಲೆ ಅಂತಾನೆ, ಆದರೆ ಬೀದಿ ಎಲ್ಲಿದೆ ಅನ್ನುವುದು ಮಾತ್ರ ನೆನಪಿಗೆ ಬರುವುದಿಲ್ಲ.

ಇಲ್ಲಿ ಗಮನಿಸಬೇಕಾದ್ದು ಕಾಲ. ಬೆಂಕಿಯನ್ನು ನಾವು ನೋಡುವುದೇ ಇಲ್ಲ. ಆದರೆ ಅಧಿಕಾರಿ ತಡವರಿಸುವ ಒಂದೊಂದು ಕ್ಷಣವೂ ಆ ಮನೆಯಲ್ಲಿ ಬೆಂಕಿ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುತ್ತಿದೆ ಅಂತ ಕೇಳುಗರ ಮನಸ್ಸು ತಾನೇ ಲೆಕ್ಕ ಹಾಕುತ್ತಿರುತ್ತದೆ. ರಂಗದ ಮೇಲಾದರೆ ವಿಲ್ಟನ್ ಕೈಯಿಂದ ಮುಖ ಉಜ್ಜಿಕೊಳ್ಳುತ್ತಾ, ಬೆರಳು ಬಾಯಿಗಿಡುತ್ತಾ ನಗಿಸುತ್ತಿದ್ದರು. ರೇಡಿಯೊದಲ್ಲಿ ಅದೆಲ್ಲ ಕಾಣಿಸುವುದಿಲ್ಲ ಅಲ್ವಾ? ಉಳಿಯುವುದು ಅರ್ಧಕ್ಕೆ ನಿಂತ ಮಾತು ಮತ್ತು ಮೌನ. ಅಷ್ಟೇ ಸಾಕಾಗುತ್ತದೆ.

ಇನ್ನೊಂದು ವಿಷಯ, ನನಗೆ ಇದೇ ಜಾಸ್ತಿ ಮುಖ್ಯ: ಅಧಿಕಾರಿ ಸೋಮಾರಿಯಲ್ಲ, ಒರಟನೂ ಅಲ್ಲ. ನಿಜವಾಗಿಯೂ ಸಹಾಯ ಮಾಡಬೇಕು ಅಂತಲೇ ಒದ್ದಾಡುತ್ತಾನೆ. ಅವನನ್ನು ಉಡಾಫೆಯವನನ್ನಾಗಿ ಬರೆದಿದ್ದರೆ ನಮಗೆ ಸಿಟ್ಟು ಬರುತ್ತಿತ್ತು, ನಗು ಬರುತ್ತಿರಲಿಲ್ಲ. ನೀವು ಬರೆಯುವಾಗ ಇದನ್ನು ಬಿಟ್ಟುಕೊಡಬೇಡಿ.

ಇದು ಬರೀ ಕಲ್ಪನೆಯ ತಮಾಷೆಯೂ ಅಲ್ಲ. 1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟ್‌ನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ನೆರೆಯವರೊಬ್ಬರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದರೆ, ಕರೆ ಟೆಲಿಫೋನ್ ಎಕ್ಸ್‌ಚೇಂಜ್‌ನ ಸಾಲಿನಲ್ಲೇ ಕಾಯುತ್ತಾ ಉಳಿಯಿತು. ಅವರು ಸಿಟ್ಟಿನಿಂದ ‘ದಿ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದರು, ವಿಚಾರಣೆ ನಡೆಯಿತು, 1937ರ ಜೂನ್ 30ರಂದು ಲಂಡನ್ನಿನಲ್ಲಿ ತುರ್ತು ಕರೆಗಳಿಗೆಂದೇ 999 ಸಂಖ್ಯೆ ಶುರುವಾಯಿತು. ಬೆಂಕಿ ಆರಿಸುವ ಕೆಲಸ ವಾಹನ ಹೊರಡುವ ಮೊದಲೇ ಸೋತುಹೋಗಬಹುದು. ವಿಲ್ಟನ್ ಕೈ ಇಟ್ಟಿದ್ದು ಸರಿಯಾಗಿ ಅಲ್ಲಿಗೇ.

ಅಮೆರಿಕದ ಹಾಸ್ಯನಟ ಎಡ್ ವಿನ್ ಅವರ ಕಾರ್ಯಕ್ರಮದ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. 1932ರಿಂದ ಎನ್‌ಬಿಸಿ ರೇಡಿಯೊದಲ್ಲಿ ಅವರು ‘ಫೈರ್ ಚೀಫ್’ (ಅಗ್ನಿಶಾಮಕ ದಳದ ಮುಖ್ಯಸ್ಥ) ಆಗಿದ್ದರು ನಿಜ, ಆದರೆ ಅದು ಪ್ರಾಯೋಜಕರಾದ ಟೆಕ್ಸಾಕೊ ಕಂಪನಿಯ ಪೆಟ್ರೋಲಿನ ಹೆಸರು. ಅಗ್ನಿಶಾಮಕರ ಕೆಲಸಕ್ಕೂ ಆ ಜೋಕುಗಳಿಗೂ ಸಂಬಂಧ ಇರಲಿಲ್ಲ.

ಕೊನೆಗೆ ವಿಲ್ಟನ್ ಪ್ರಹಸನ ಮುಗಿಯುವ ಮಾತು. ನಾವು ಬರುವವರೆಗೆ ಬೆಂಕಿ ಆರದಂತೆ ನೋಡಿಕೊಳ್ಳುತ್ತೀರಾ ಅಂತ ಅಧಿಕಾರಿ ಆ ಹೆಂಗಸನ್ನೇ ಕೇಳುತ್ತಾನೆ. ಇದು ಸುಮ್ನೆ ಅಂಟಿಸಿದ ಚಟಾಕಿಯಲ್ಲ. ಅವನ ಕಡೆಯಿಂದ ಯೋಚಿಸಿ: ಠಾಣೆಯವರು ಹೋದಾಗ ಬೆಂಕಿ ಅಲ್ಲಿ ಇದ್ದರೆ ತಾನೇ ಅವನಿಗೆ ಕೆಲಸ? ಹೆಂಗಸಿಗೆ ಬೇಕಿರುವುದು ಮನೆ, ಅವನಿಗೆ ಬೇಕಿರುವುದು ಬೆಂಕಿ. ಇಷ್ಟು ಹೊತ್ತು ಅವರಿಬ್ಬರ ಮಾತು ಒಂದಕ್ಕೊಂದು ಕೂಡದೇ ಇದ್ದದ್ದು ಯಾಕೆ ಅಂತ ಆ ಒಂದು ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.