ತೋಟದ ಮೇಲೆ ಜೆಟ್ ಹೋದಾಗ ರಾಡಾರ್ ಏನು ಮಾಡುತ್ತಿರುತ್ತದೆ?

ಪ್ರಶ್ನೆ: ನಮ್ಮ ತೋಟ ಗೋಣಿಕೊಪ್ಪದ ಹತ್ತಿರ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಯುದ್ಧವಿಮಾನವೊಂದು ಸಿಲ್ವರ್ ಓಕ್ ತುದಿ ತಾಗಿತೇನೋ ಅನ್ನುವ ಹಾಗೆ ಹೋಯಿತು. ಆಳುಗಳೆಲ್ಲ ಬುಟ್ಟಿ ಬಿಟ್ಟು ಕೂತುಬಿಟ್ಟರು. ನಮ್ಮ ಕಡೆ ಮೈಕ್ರೋಲೈಟ್ ಅನ್ನುವ ಪುಟ್ಟ ಹಗುರ ವಿಮಾನ ಕೂಡ ಹಾರುತ್ತದೆ. ಎರಡೂ ಎದುರಾದರೆ ಗತಿ ಏನು? "ಅದೆಲ್ಲ ರಾಡಾರ್‌ನಲ್ಲಿ ಕಾಣ್ತಾ ಇರ್ತದೆ, ನೀನು ಸುಮ್ನೆ ಹೆದರಬೇಡ" ಅನ್ನುತ್ತಾರೆ ನಮ್ಮ ಭಾವ. ನಿಜವಾ ಸಾರ್?

ಉತ್ತರ: ಭಾವನಿಗೆ ನನ್ನ ನಮಸ್ಕಾರ ಹೇಳಿ. ಈ ಭಾವ ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಹೆಸರಿನಲ್ಲಿ ನನಗೆ ಪರಿಚಯ. ಒಮ್ಮೆ ವಿರಾಜಪೇಟೆಯ ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕಿದ್ದರು, ಒಮ್ಮೆ ಮಡಿಕೇರಿ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದರು. ವಾಯುಪಡೆಯ ರಾಡಾರ್ ಘಟಕದಲ್ಲಿ ವರ್ಷಗಟ್ಟಲೆ ಪರದೆ ನೋಡಿ ಪಿಂಚಣಿಗೆ ಬಂದವನು ನಾನು. ನನಗೇ ರಾಡಾರ್ ಪಾಠ ಹೇಳುತ್ತಾರೆ.

ನೇರ ಉತ್ತರ: ಇಲ್ಲ. ಅಷ್ಟು ತಗ್ಗಿನಲ್ಲಿ ಹೋಗುವ ಜೆಟ್ಟನ್ನೂ ಸಣ್ಣ ವಿಮಾನವನ್ನೂ ಯಾರೋ ಒಬ್ಬರು ಪರದೆಯ ಮುಂದೆ ಕೂತು ನೋಡುತ್ತಾ, "ನೀನು ಎಡಕ್ಕೆ ಹೋಗು, ನೀನು ಬಲಕ್ಕೆ ಹೋಗು" ಅನ್ನುತ್ತಿರುವುದಿಲ್ಲ. ಅವುಗಳನ್ನು ದೂರ ಇಡುವುದು ಮೊದಲೇ ಮಾಡಿಕೊಂಡ ಏರ್ಪಾಡು. ಅದು ತಪ್ಪಿದರೆ ಪೈಲಟ್‌ನ ಕಣ್ಣು. ಕಣ್ಣಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಿಲ್ವರ್ ಓಕ್. ತುದಿ ತಾಗಿರಲಿಕ್ಕಿಲ್ಲ. ತಗ್ಗು ಹಾರಾಟಕ್ಕೆ ಹೆಸರಾದ ಬ್ರಿಟನ್‌ನಲ್ಲಿ ಯುದ್ಧವಿಮಾನಗಳ ಸಾಮಾನ್ಯ ಮಿತಿ ನೆಲದಿಂದ 250 ಅಡಿ, ಅಂದರೆ 76 ಮೀಟರ್. ಕೆಲವು ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ 100 ಅಡಿ. ಚೆನ್ನಾಗಿ ಬೆಳೆದ ಸಿಲ್ವರ್ ಓಕ್ ಮೂರನ್ನು ಒಂದರ ಮೇಲೊಂದು ನಿಲ್ಲಿಸಿದರೆ 250 ಅಡಿ ಆಗಬಹುದು. ತಲೆಯ ಮೇಲೆ ಜೆಟ್ ಹೋದಾಗ ಎಲ್ಲರಿಗೂ ಅದು ಮರಕ್ಕೆ ತಾಗಿದ ಹಾಗೇ ಕಾಣುತ್ತದೆ. ಸಾವಿರ ಅಡಿ ಇದ್ದರೂ ಹಾಗೇ ಅನಿಸುತ್ತದೆ. ತಪ್ಪು ನಿಮ್ಮದಲ್ಲ. ಆ ಸದ್ದು ಕೇಳಿದ ಮೇಲೆ ಯಾರು ಅಳತೆ ಮಾಡುತ್ತಾರೆ?

ಈಗ ಭಾವನ ರಾಡಾರ್.

ಯುದ್ಧವಿಮಾನ ಇಷ್ಟು ತಗ್ಗಿನಲ್ಲಿ ಯಾಕೆ ಹಾರುತ್ತದೆ? ಇಂಧನ ಜಾಸ್ತಿ ಖರ್ಚು, ಹಕ್ಕಿ ಬಡಿಯುವ ಭಯ, ಕರೆಂಟ್ ತಂತಿಯ ಭಯ, ಗುಡ್ಡದ ಭಯ. ಇಷ್ಟೆಲ್ಲ ಇದ್ದರೂ ಕೆಳಗೆ ಹಾರುವುದನ್ನು ಕಲಿಯುವುದು ಒಂದೇ ಮುಖ್ಯ ಕಾರಣಕ್ಕೆ. ಶತ್ರುವಿನ ರಾಡಾರ್‌ಗೆ ಕಾಣಬಾರದು. ರಾಡಾರ್‌ನಿಂದ ಅಡಗಲು ತಗ್ಗಿ ಹಾರುವ ವಿಮಾನ ನಮ್ಮ ರಾಡಾರ್‌ನಲ್ಲಿ ಮಾತ್ರ ಚೆನ್ನಾಗಿ ಕಾಣುತ್ತಿರಬೇಕು ಅಂದರೆ ಹೇಗೆ ಸ್ವಾಮಿ? ನೆಲ ಎಲ್ಲರಿಗೂ ಒಂದೇ ಅಲ್ವಾ?

ರಾಡಾರ್ ಅಲೆ ಹೆಚ್ಚುಕಡಿಮೆ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ. ಭೂಮಿ ದುಂಡಗಿದೆ. 25 ಮೀಟರ್ ಎತ್ತರದ ಆಂಟೆನಾಗೆ, 10,000 ಮೀಟರ್ ಮೇಲೆ ಹೋಗುವ ಪ್ರಯಾಣಿಕರ ವಿಮಾನ 400 ಕಿಲೋಮೀಟರ್ ದೂರದವರೆಗೂ ಮರೆಯಾಗುವುದಿಲ್ಲ. ಅದೇ ಆಂಟೆನಾಗೆ 100 ಮೀಟರ್ ಎತ್ತರದ ಜೆಟ್ 60 ಕಿಲೋಮೀಟರ್ ದಾಟಿದರೆ ಮುಗಿಯಿತು, ದಿಗಂತದ ಕೆಳಗೆ. ಇದು ಸಮತಟ್ಟು ನೆಲದ ಲೆಕ್ಕ. ನಮ್ಮ ಕೊಡಗಿನಲ್ಲಿ ಸಮತಟ್ಟು ನೆಲ ಅಂದರೆ ಕಾಫಿ ಒಣಗಿಸುವ ಕಣ ಮಾತ್ರ. 1748 ಮೀಟರಿನ ತಡಿಯಂಡಮೋಳ್ ಅಡ್ಡ ನಿಂತಿದೆ. ಅತ್ತ ಬ್ರಹ್ಮಗಿರಿ, ಇತ್ತ ಪುಷ್ಪಗಿರಿ. ಜಿಲ್ಲೆಯೊಳಗೆ ವಿಮಾನ ನಿಲ್ದಾಣವೇ ಇಲ್ಲ. ಸುತ್ತ ಇರುವುದು ಮಂಗಳೂರು, ಮೈಸೂರು, 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು. ಅಲ್ಲಿಂದ ಹಾಕಿದ ಟಾರ್ಚ್ ಬೆಳಕು ನಿಮ್ಮ ತೋಟದ ಕಣಿವೆಗೆ ಬೀಳುತ್ತದಾ? ರೇಡಿಯೋ ಮಾತಿಗೂ ಇದೇ ಪಾಡು. ಗುಡ್ಡದ ಹಿಂದೆ ತಗ್ಗಿನಲ್ಲಿರುವ ಪೈಲಟ್ ಕರೆದರೆ ಟವರಿನವರಿಗೆ ಕೇಳದೇ ಹೋಗಬಹುದು.

ಸಂಪಾಜೆ ಘಾಟಿ ಇಳಿಯುವಾಗ ತಿರುವಿನಲ್ಲಿ ಹಾರ್ನ್ ಹಾಕುತ್ತೀರಲ್ಲ, ಯಾಕೆ? ಎದುರಿನ ಲಾರಿ ನಿಮಗೆ ಕಾಣುವುದಿಲ್ಲ. ಮಡಿಕೇರಿಯಲ್ಲಿ ಕೂತ ಪೊಲೀಸರಿಗೂ ಕಾಣುವುದಿಲ್ಲ. ಅಷ್ಟೇ ವಿಷಯ.

ಇಷ್ಟು ಹೇಳಿದ ಮೇಲೆ ಭಾವ ಎರಡನೇ ಗುಂಡು ಹಾರಿಸುತ್ತಾರೆ: "ಜೆಟ್ಟಿನ ಒಳಗೇ ರಾಡಾರ್ ಇರ್ತದಲ್ಲ?" ಇರುತ್ತದೆ, ಎಲ್ಲದರಲ್ಲೂ ಅಲ್ಲ. ತಗ್ಗಿನಲ್ಲಿ ನುಗ್ಗಿ ದಾಳಿ ಮಾಡಲೆಂದೇ ನಮ್ಮ ವಾಯುಪಡೆ ತಂದದ್ದು ಜಾಗ್ವಾರ್. 1979ರಲ್ಲಿ ಬಂದ ಮೊದಲ ಜಾಗ್ವಾರ್‌ಗಳ ಮೂಗಿನಲ್ಲಿ ಇದ್ದದ್ದು ಲೇಸರ್ ದೂರಮಾಪಕ, ರಾಡಾರ್ ಅಲ್ಲ. ರಾಡಾರ್ ಇರುವ ವಿಮಾನದಲ್ಲೂ ಅದು ನೋಡುವುದು ಮೂಗಿನ ಮುಂದೆ, ಬೀಸಣಿಗೆ ಬಿಡಿಸಿದಷ್ಟು ಜಾಗ. ಅದರ ಮೇಲೆ, ಕೆಳಗಿನ ನೆಲ, ಮರ, ಗುಡ್ಡದಿಂದ ಬರುವ ಪ್ರತಿಧ್ವನಿಯನ್ನೆಲ್ಲ ಸೋಸಬೇಕು. ನಿಂತದ್ದನ್ನೂ ನಿಧಾನ ಚಲಿಸುವುದನ್ನೂ ಬಿಟ್ಟು ವೇಗವಾಗಿ ಬರುವುದನ್ನು ಹಿಡಿಯುವುದು ಸೋಸುವ ಒಂದು ಮುಖ್ಯ ವಿಧಾನ. ಇಲ್ಲದಿದ್ದರೆ ಮೈಸೂರು ರಸ್ತೆಯ ಬಸ್ಸುಗಳೂ ಪರದೆಗೆ ಬರುತ್ತವೆ. ಬಟ್ಟೆ ಹೊದಿಸಿದ ರೆಕ್ಕೆಯ, ಗಂಟೆಗೆ 80 ಕಿಲೋಮೀಟರಿನ ಮೈಕ್ರೋಲೈಟ್ ಆ ಜರಡಿಯಲ್ಲಿ ಕೆಳಗೆ ಬೀಳುವ ಸಾಧ್ಯತೆಯೇ ಜಾಸ್ತಿ.

ತಗ್ಗು ಹಾರಾಟ ಎಂಥದ್ದು ಅಂತ ಕೊಡಗಿನವರಿಗೆ ನಾನು ಹೇಳಿಕೊಡುವ ಹಾಗೆ ಇರಲೇಬಾರದು. ಮಡಿಕೇರಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತ ಇದೆ. ಅಲ್ಲಿ ದಿನಾ ತಿರುಗುತ್ತೇವೆ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ವಾಯುನೆಲೆ ಸರ್ಗೋಧಾ ಕಡೆ ಹೊರಟಾಗ ನೆಲ ತಬ್ಬಿಕೊಂಡೇ ಹೋದದ್ದು, ಪಾಕಿಸ್ತಾನದ ರಾಡಾರ್ ತಪ್ಪಿಸಲು. ದೇವಯ್ಯನವರು ಮೂಲ ತಂಡದಲ್ಲಿ ಇರಲಿಲ್ಲ, ಮೀಸಲು ಪೈಲಟ್. ಆದರೂ ಹೋದರು. ತನ್ನದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಜೆಟ್ ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನು ಬೀಳಿಸಿದರು, ಮರಳಿ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಂದು ತಗ್ಗಿದ ವಿಮಾನಗಳನ್ನು ರಾಡಾರ್ ಸುಲಭವಾಗಿ ಹಿಡಿಯುವ ಹಾಗಿದ್ದರೆ ಆ ದಾಳಿಯ ಯೋಜನೆಯನ್ನೇ ಯಾರೂ ಹಾಕುತ್ತಿರಲಿಲ್ಲ. ಇದನ್ನು ಭಾವನಿಗೆ ಹೇಳಿ. ಒಪ್ಪದೇ ಇರಲಿ ನೋಡೋಣ.

ಸರಿ, ರಾಡಾರ್‌ನಲ್ಲಿ ಕಂಡಿತು ಅಂತಲೇ ಇಟ್ಟುಕೊಳ್ಳಿ. ಆಗ ಸಾಕಾ? ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ 2015ರ ಜುಲೈ 7ರಂದು ಒಂದು ಎಫ್-16 ಯುದ್ಧವಿಮಾನ ಮತ್ತು ಪುಟ್ಟ ನಾಗರಿಕ ವಿಮಾನ ಸೆಸ್ನಾ 150 ಡಿಕ್ಕಿಯಾದವು. ಎಫ್-16 ಅಂದು ತಗ್ಗು ಹಾರಾಟದ ಅಭ್ಯಾಸದಲ್ಲೂ ಇರಲಿಲ್ಲ, ಇಳಿಯುವ ಅಭ್ಯಾಸಕ್ಕೆ ಬರುತ್ತಿತ್ತು, ವೇಗವೂ ಕಡಿಮೆ. ನೆಲದಲ್ಲಿ ಕೂತ ವಿಮಾನ ಸಂಚಾರ ನಿಯಂತ್ರಕರ ಪರದೆಯಲ್ಲಿ ಎರಡೂ ಇದ್ದವು. ಎದುರಿಗೆ ವಿಮಾನ ಇದೆ ಅಂತ ಎಫ್-16ಗೆ ಹೇಳಿದರು. ಕಾಣದಿದ್ದರೆ ಎಡಕ್ಕೆ ತಿರುಗು ಅಂದರು. ಸೆಸ್ನಾದವರು ನಿಯಂತ್ರಕರ ರೇಡಿಯೋ ಸಂಪರ್ಕದಲ್ಲಿ ಇರಲಿಲ್ಲ. ಜೆಟ್ಟಿನ ಪೈಲಟ್ ಹುಡುಕುತ್ತಾ ಇದ್ದ ಹಾಗೇ ಡಿಕ್ಕಿ ಆಯಿತು. ಜೆಟ್ಟಿನವರು ಹೊರಗೆ ಹಾರಿ ಬದುಕಿದರು, ಸೆಸ್ನಾದ ಇಬ್ಬರೂ ಸತ್ತರು. ತನಿಖೆ ನಿಯಂತ್ರಕರ ಕಡೆ ಬೆರಳು ತೋರಿಸಿತು. ಜೊತೆಗೆ, ಕಣ್ಣಿಂದ ನೋಡಿ ತಪ್ಪಿಸಿಕೊಳ್ಳುವ ಪದ್ಧತಿಗೇ ಮಿತಿ ಇದೆ ಅಂತಲೂ ಬರೆಯಿತು. ಬ್ರಿಟನ್‌ನ ಮ್ಯಾಟರ್ಸಿ ಊರಿನ ಹತ್ತಿರ 1999ರ ಜನವರಿ 21ರಂದು ಟೊರ್ನಾಡೋ ಯುದ್ಧವಿಮಾನ ಮತ್ತು ಸೆಸ್ನಾ ಹೀಗೇ ಡಿಕ್ಕಿಯಾಗಿ ನಾಲ್ವರು ಸತ್ತಿದ್ದರು.

ಕಣ್ಣಿನ ಮಿತಿ ಅಂದರೆ ಏನು? ಅಮೆರಿಕದ ವಿಮಾನಯಾನ ಇಲಾಖೆ ಪೈಲಟ್‌ಗಳಿಗೆ ಒಂದು ಲೆಕ್ಕ ಹೇಳಿಕೊಡುತ್ತದೆ. ಒಂದು ವಸ್ತು ಕಣ್ಣಿಗೆ ಬಿದ್ದು, ಅದು ವಿಮಾನ ಅಂತ ಗೊತ್ತಾಗಿ, ಡಿಕ್ಕಿ ಹೊಡೆಯುತ್ತದೆ ಅಂತ ಅರ್ಥವಾಗಿ, ಎಲ್ಲಿಗೆ ತಿರುಗಲಿ ಅಂತ ತೀರ್ಮಾನಿಸಿ, ಕೈ ಆಡಿಸಿ, ವಿಮಾನ ತಿರುಗುವ ಹೊತ್ತಿಗೆ 12.5 ಸೆಕೆಂಡ್ ಬೇಕು. ಇದರಲ್ಲಿ ಕೈ ಆಡಿಸಲು ಅರ್ಧ ಸೆಕೆಂಡೂ ಬೇಡ. 5 ಸೆಕೆಂಡ್ ಹೋಗುವುದು "ಅಯ್ಯೋ, ಇದು ನನ್ನ ಕಡೆಗೇ ಬರುತ್ತಿದೆ" ಅಂತ ಅರಿವಾಗಲು. ಜೆಟ್ 450 ನಾಟ್, ಅಂದರೆ ಗಂಟೆಗೆ 830 ಕಿಲೋಮೀಟರ್. ಸೆಕೆಂಡಿಗೆ 230 ಮೀಟರ್. ಮೈಕ್ರೋಲೈಟ್‌ನ ವೇಗವನ್ನೂ ಸೇರಿಸಿ. 12.5 ಸೆಕೆಂಡಿಗೆ ಎರಡರ ನಡುವೆ 3 ಕಿಲೋಮೀಟರಿಗೂ ಜಾಸ್ತಿ ಕರಗಿಹೋಗುತ್ತದೆ. ಅಂದರೆ 3 ಕಿಲೋಮೀಟರ್ ಆಚೆಯೇ ಕಾಣಬೇಕು. ನಮ್ಮ ತೇಜಸ್ ಯುದ್ಧವಿಮಾನದ ರೆಕ್ಕೆ ತುದಿಯಿಂದ ತುದಿಗೆ 8.2 ಮೀಟರ್. ಅಷ್ಟು ದೂರದಿಂದ ಅದು ಕಾಣುವುದು ನಾಲ್ಕು ಮೀಟರ್ ಆಚೆ ಹಿಡಿದ ಒಂದು ಕಾಫಿ ಬೀಜದಷ್ಟು. ಎದುರಿನಿಂದ ರೆಕ್ಕೆ ಬರೀ ಗೆರೆ. ಬೂದು ಬಣ್ಣ ಬೇರೆ. ಹಿಂದೆ ನಮ್ಮ ಮಂಜು.

ಇನ್ನೊಂದು ಕೆಟ್ಟ ಗುಟ್ಟಿದೆ. ಡಿಕ್ಕಿ ಹೊಡೆಯಲಿರುವ ವಿಮಾನ ನಿಮ್ಮ ಗಾಜಿನ ಮೇಲೆ ಅಲ್ಲಾಡುವುದಿಲ್ಲ. ಎರಡೂ ತಮ್ಮ ತಮ್ಮ ವೇಗ ಬದಲಿಸದೆ ನೇರ ಹೋಗುತ್ತಿದ್ದರೆ ಅದು ಗಾಜಿನ ಒಂದೇ ಜಾಗದಲ್ಲಿ ಚುಕ್ಕೆಯ ಹಾಗೆ ಕೂತಿರುತ್ತದೆ. ನಮ್ಮ ಕಣ್ಣು ಅಲ್ಲಾಡುವುದನ್ನು ಬೇಗ ಹಿಡಿಯುತ್ತದೆ, ಕೂತದ್ದನ್ನು ಬಿಡುತ್ತದೆ. ಅಡ್ಡರಸ್ತೆಯಿಂದ ಬರುವ ಬೈಕು ಜೀಪಿನ ಮುಂಗಂಬದ ಹಿಂದೆಯೇ ಇದ್ದು ಕೊನೇ ಗಳಿಗೆಯಲ್ಲಿ ಹಾರಿ ಬಂದ ಹಾಗೆ ಕಾಣುವುದು ಇದಕ್ಕೇ. ಚುಕ್ಕೆ ದೊಡ್ಡದಾಗುವುದು ಕೊನೆಯ ಎರಡು ಮೂರು ಸೆಕೆಂಡಿನಲ್ಲಿ, ಒಮ್ಮೆಗೇ.

"ಸದ್ದು ಕೇಳಿ ಪಕ್ಕಕ್ಕೆ ಹೋಗಬಹುದಲ್ಲ" ಅಂತ ಕೇಳುವವರೂ ಇದ್ದಾರೆ. ಒಂದು ಕಿಲೋಮೀಟರ್ ಆಚೆ ಹೊರಟ ಸದ್ದು ನಿಮ್ಮ ಕಿವಿಗೆ ಬರಲು ಸುಮಾರು 3 ಸೆಕೆಂಡ್. ಜೆಟ್ ಬರಲು 4 ಸೆಕೆಂಡಿಗೆ ಸ್ವಲ್ಪ ಜಾಸ್ತಿ. ಉಳಿದದ್ದು ಒಂದೂವರೆ ಸೆಕೆಂಡ್. ಅದೂ ತೋಟದಲ್ಲಿ ಸುಮ್ಮನೆ ನಿಂತವರಿಗೆ. ಬೆನ್ನ ಹಿಂದೆ ಎಂಜಿನ್ ಕಿರುಚುತ್ತಿರುವ, ಕಿವಿಗೆ ಹೆಡ್‌ಸೆಟ್ ಹಾಕಿದ ಪೈಲಟ್‌ಗೆ ಅದೂ ಇಲ್ಲ.

ಹಾಗಾದರೆ ಕಾಪಾಡುವುದು ಏನು? ಕಾಗದ. ನಮ್ಮ ದೇಶದಲ್ಲಿ ವಾಯು ರಕ್ಷಣಾ ವಲಯದಲ್ಲಿ ಹಾರುವ ನಾಗರಿಕ ವಿಮಾನ ಹೊರಡುವ ಮುಂಚೆ ಎಡಿಸಿ ನಂಬರ್, ಅಂದರೆ ವಾಯು ರಕ್ಷಣಾ ಅನುಮತಿಯ ನಂಬರ್ ತೆಗೆದುಕೊಳ್ಳಬೇಕು. ಯಾರು, ಎಲ್ಲಿಂದ, ಎಷ್ಟು ಹೊತ್ತಿಗೆ ಅನ್ನುವುದು ವಾಯುಪಡೆಗೆ ಮೊದಲೇ ಗೊತ್ತಿರುತ್ತದೆ. ಸೇನೆ ಒಂದು ಪ್ರದೇಶವನ್ನು ಅಭ್ಯಾಸಕ್ಕೆ ತೆಗೆದುಕೊಂಡರೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ, ಇಷ್ಟು ಎತ್ತರದವರೆಗೆ ಅಂತ ನೋಟಾಮ್, ಅಂದರೆ ಪೈಲಟ್‌ಗಳಿಗೆ ಸೂಚನೆ ಹೊರಡಿಸುತ್ತಾರೆ. ಹಾರುವ ಮುಂಚೆ ಅದನ್ನು ಓದುವುದು ಪೈಲಟ್‌ನ ಕೆಲಸ. ಮಾಮೂಲಿ ಪ್ರದೇಶದಲ್ಲಿ ಕಣ್ಣನ್ನು ನಂಬಿ ಹಾರುವ ನಾಗರಿಕ ವಿಮಾನ ಇಳಿಯುವಾಗ, ಏರುವಾಗ ಬಿಟ್ಟರೆ ನೆಲದಿಂದ 500 ಅಡಿಗಿಂತ ಕೆಳಗೆ ಬರಬಾರದು. ಅಮೆರಿಕದಲ್ಲಿ ತಗ್ಗು ಹಾರಾಟದ ದಾರಿಗಳನ್ನೇ ನಕ್ಷೆಯಲ್ಲಿ ಗೆರೆ ಎಳೆದು ನಂಬರ್ ಕೊಟ್ಟಿದ್ದಾರೆ. ಇಡೀ ದಾರಿ 1500 ಅಡಿಯೊಳಗೇ ಇದ್ದರೆ ನಾಲ್ಕು ಅಂಕಿ, ಎಲ್ಲಾದರೂ ಅದಕ್ಕಿಂತ ಮೇಲೆ ಹೋದರೆ ಮೂರು ಅಂಕಿ. ಆ ಗೆರೆ ದಾಟಬಾರದು ಅಂತ ಇಲ್ಲ, ಅಲ್ಲಿ ಇವತ್ತು ಯಾರಿದ್ದಾರೆ ಅಂತ ಮೊದಲು ಕೇಳಿಕೊಳ್ಳುತ್ತಾರೆ. ಬೇಲಿ ಅಲ್ಲ, ಆನೆ ದಾಟುವ ಜಾಗದ ಬೋರ್ಡು ಇದ್ದ ಹಾಗೆ.

ಇನ್ನೊಂದು ಮಾತು, ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. "ಡಬ್" ಅಂತ ಕೇಳಿದ್ದೆಲ್ಲ ಜೆಟ್ ಅಲ್ಲ. ತಗ್ಗಿನಲ್ಲಿ ಹೋದ ವಿಮಾನದ್ದು ಹರಿದ ಹಾಗೆ ಬರುವ ಅಬ್ಬರ, ಅದು ಎಂಜಿನ್ ಸದ್ದು. ಶಬ್ದದ ವೇಗ ಮೀರಿದ ವಿಮಾನದ್ದು ಬೇರೆ. ಅದು ಮೀರಿದ ಕ್ಷಣಕ್ಕೆ ಮಾತ್ರ ಒಮ್ಮೆ ಹೊಡೆಯುವುದಲ್ಲ. ಆ ವೇಗದಲ್ಲಿ ಇರುವಷ್ಟು ಹೊತ್ತೂ ಸೀರೆಯ ಸೆರಗಿನ ಹಾಗೆ ಹಿಂದೆ ಎಳೆದುಕೊಂಡು ಹೋಗುತ್ತದೆ, ಸೆರಗು ಸೋಕಿದ ಊರಿಗೆಲ್ಲ ಒಮ್ಮೊಮ್ಮೆ "ಡಬ್". 2020ರ ಮೇ 20ರಂದು ಬೆಂಗಳೂರು ಇಡೀ ಬೆಚ್ಚಿಬಿದ್ದದ್ದು ಇದಕ್ಕೇ. ವಿಮಾನ ಇದ್ದದ್ದು ಊರಿನಿಂದ ಎಷ್ಟೋ ಹೊರಗೆ, 36,000 ಅಡಿಗಿಂತ ಮೇಲೆ. 65ರಿಂದ 80 ಕಿಲೋಮೀಟರ್ ದೂರ ಇದ್ದರೂ ಇಂಥ ಸದ್ದು ಕೇಳುತ್ತದೆ ಅಂತ ರಕ್ಷಣಾ ಇಲಾಖೆಯೇ ಹೇಳಿತು. ಆಕಾಶ ನೋಡಿದವರಿಗೆ ಏನೂ ಕಾಣಲಿಲ್ಲ.

ಆದರೆ 2022ರ ಮಳೆಗಾಲದಲ್ಲಿ ಚೆಂಬು, ಕರಿಕೆ ಕಡೆ ಕೇಳಿದ ಗುಡುಗು ಮೇಲಿನದ್ದಲ್ಲ, ಕೆಳಗಿನದ್ದು. ಸಣ್ಣ ಸಣ್ಣ ಭೂಕಂಪ. ನೆಲದ ಹತ್ತಿರವೇ ಆಗುವ ಸಣ್ಣ ಕಂಪನ ಹೀಗೆ ಸದ್ದು ಮಾಡುತ್ತದೆ. ಆಗಲೂ ನನಗೆ ಫೋನು: "ಜೆಟ್ಟಾ ಸಾರ್?" ಕಿಟಕಿ ಗಾಜು ಮಾತ್ರ ನಡುಗಿದರೆ ಮೇಲಿನದ್ದಿರಬಹುದು. ಕಾಲ ಕೆಳಗಿನ ನೆಲ, ಅಟ್ಟದ ಪಾತ್ರೆ ಎರಡೂ ಅಲುಗಿದರೆ ಕೆಳಗಿನದ್ದು. ಚೆಂಬು ಕಡೆಯ ನೆಂಟರೊಬ್ಬರಿಗೆ ಇದನ್ನೇ ಹೇಳಿ, "ಅಕ್ಕ, ಯಾವುದು ಅಲುಗಿತು?" ಅಂತ ಕೇಳಿದೆ. "ಪಾತ್ರೆ ನೋಡೋಕೆ ಒಳಗೆ ಯಾರು ನಿಂತಿದ್ರು ಮಾರಾಯ?" ಅಂದರು.